ತೊಂಬತ್ತೆರಡನೇ ಸ್ಲೈಡು

“ಮೂವತ್ತೊಂದಾ? ಕಣ್ಣು ಬಿಟ್ಕೊಂಡು ಎಣಿಸಿದ್ರಾ, ಮುಚ್ಕೊಂಡು ಎಣಿಸಿದ್ರಾ?”

“ಬಿಟ್ಕೊಂಡೇ ಡಾಕ್ಟ್ರೇ. ಕಿರುಚಬೇಡಿ, ಸ್ಲೈಡ್ ಒಡೆದೀತು.”

“ನನ್ನ ಲೆಕ್ಕ ಅರವತ್ತೆಂಟು! ಅರ್ಧಕ್ಕರ್ಧ ನುಂಗಿಬಿಟ್ರಲ್ಲ!”

ಆ ಲ್ಯಾಬಿನ ಅಧ್ಯಯನದ ಪದ್ಧತಿಯೇ ಹಾಗೆ. ಗರ್ಭಕೊರಳಿನ ಕ್ಯಾನ್ಸರ್ ಗಡ್ಡೆಯ ಚೂರನ್ನು ತೆಳುವಾಗಿ ಕತ್ತರಿಸಿ, ರಕ್ತನಾಳಗಳಿಗೆ ಮಾತ್ರ ಕಂದು ಬಣ್ಣ ಹತ್ತಿಸಿ, ಇಬ್ಬರು ಬೇರೆ ಬೇರೆಯಾಗಿ ಎಣಿಸಬೇಕು. ನಾಳ ದಟ್ಟವಾದಷ್ಟೂ ಗಡ್ಡೆಗೆ ಊಟ ಜಾಸ್ತಿ, ರೋಗಿಗೆ ಅಪಾಯ ಜಾಸ್ತಿ. ಲೆಕ್ಕ ಹೊಂದದಿದ್ದರೆ ಇಬ್ಬರೂ ಒಟ್ಟಿಗೆ ನೋಡುವ ಮೈಕ್ರೋಸ್ಕೋಪಿನ ಮುಂದೆ ಕೂತು ಮತ್ತೆ ಎಣಿಸಬೇಕು.

ಲೆಕ್ಕ ಹೊಂದದ ದಿನ ಡಾಕ್ಟರಿಗೂ ಖುಷಿ, ಟೆಕ್ನಿಷಿಯನ್ ಹುಡುಗಿಗೂ ಖುಷಿ. ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಇಬ್ಬರೂ ತಾಗದವರಂತೆ ಎಣಿಸುತ್ತಿದ್ದರು.

ಕಳೆದ ಶುಕ್ರವಾರ ಅವನು ಕಣ್ಣೆತ್ತದೆಯೇ ಕೇಳಿದ್ದ: “ನಂಗೆ ನಲವತ್ತೇಳು ಬಂತು. ಮದುವೆ ಆಗೋಣ್ವಾ?”

“ನಂಗೂ ನಲವತ್ತೇಳು. ಸೋಮವಾರ ಹೇಳ್ತೀನಿ,” ಎಂದಿದ್ದಳು. ಬೇರೆ ಡಾಕ್ಟರ ಹತ್ತಿರ ಮಾಡಿಸಿಕೊಂಡ ಪರೀಕ್ಷೆಯ ರಿಪೋರ್ಟು ಶನಿವಾರ ಬರುವುದಿತ್ತು. ಬಂತು. ಅಧ್ಯಯನಕ್ಕೆಂದು ಗಡ್ಡೆಯ ಚೂರೂ ಇದೇ ಲ್ಯಾಬಿಗೆ ಬಂತು. ತೊಂಬತ್ತೆರಡು ಎಂದು ನಂಬರು ಅಂಟಿಸಿದವಳೂ ಅವಳೇ. ಇವತ್ತು ಸೋಮವಾರ.

“ದಟ್ಟ ಜಾಗ ಬಿಟ್ಟು ಬಯಲಲ್ಲಿ ಎಣಿಸಿದ್ದೀರಿ,” ಎಂದು ಅವನು ಸ್ಲೈಡು ಸರಿಸಿದ. “ನೋಡಿ, ಹೆಂಗೆ ಬೇರು ಬಿಟ್ಟಿದೆ! ಈ ಹೆಂಗಸಿಗೆ ಮರುಕಳಿಸೋ ಭಯ ಜಾಸ್ತಿ. ಯಾಕೆ, ಪರಿಚಯದವರಾ?”

“ಹೂಂ. ನಾನೇ.”

ಅವಳಿಗೆ ಅವನ ಮುಖ ಕಾಣಲಿಲ್ಲ. ಮಸೂರದಲ್ಲಿ ಕಂದು ಎಳೆಗಳೆಲ್ಲ ಒಮ್ಮೆಲೇ ಮಸುಕಾದವು. ಫೋಕಸ್ ತಿರುಪಿನ ಮೇಲಿದ್ದ ಅವನ ಕೈ ಜಾರಿತ್ತು.

“ನಿನ್ನದಾ?” ಲ್ಯಾಬಿನೊಳಗೆ ಅವನು ನೀನು ಎಂದದ್ದು ಅದೇ ಮೊದಲು.

“ಇದೇ ನನ್ನ ಉತ್ತರ. ನಿಮ್ಮಮ್ಮ ಸೊಸೆ ಬೇಕು ಅಂದ್ರು, ರೋಗಿ ಬೇಕು ಅನ್ಲಿಲ್ಲ.”

“ಅಮ್ಮನ್ನ ಮಧ್ಯೆ ಎಳೀಬೇಡ! ಸ್ವಂತ ಸ್ಲೈಡ್ ಎಣಿಸೋಕೆ ತಲೆ ನೆಟ್ಟಗಿದ್ಯಾ ನಿಂಗೆ? ಗಡ್ಡೆ ಎಷ್ಟು ದೊಡ್ಡದು?”

“ಎರಡು ಸೆಂಟಿಮೀಟರು.”

“ಗ್ರಂಥಿಗೆ ಹರಡಿದ್ಯಾ?”

“ಸ್ಕ್ಯಾನಲ್ಲಿ ಕಾಣ್ಲಿಲ್ಲ.”

“ಮತ್ತೆ? ಬರೀ ನಾಳ ಎಣಿಸಿ ಸಾಯೋ ತಾರೀಕು ಗೊತ್ತುಮಾಡ್ಕೊಂಡ್ಯಾ? ಆಪರೇಶನ್ ಯಾವಾಗ?”

“ಗುರುವಾರ.”

“ಗುರುವಾರ ಆಪರೇಶನ್ನು, ನಂಗೆ ಇವತ್ತು ಹೇಳ್ತೀಯಾ!”

“ಕರುಣೆ ಬೇಡ ನಂಗೆ.”

“ಕರುಣೆ ಯಾರಿಗಿದೆ ಇಲ್ಲಿ? ಮೈ ಉರೀತಿದೆ ನಂಗೆ!”

ಅವನು ಡ್ರಾಯರಿನಿಂದ ಒಂದು ಫಾರಂ ಎಳೆದ. ತಮ್ಮ ಸಂಬಂಧಿಕರ ಸ್ಲೈಡನ್ನು ಯಾರೂ ಓದುವಂತಿಲ್ಲ. ಓದಿದವರು ಈ ಫಾರಂ ತುಂಬಿ ಅಧ್ಯಯನದಿಂದಲೇ ಹೊರಗಿರಬೇಕು. ಇದು ಅವನೇ ಶುರುಮಾಡಿದ ಅಧ್ಯಯನ, ಎರಡು ವರ್ಷದ ದುಡಿಮೆ. ತೊಂಬತ್ತೆರಡು ಎಂದು ಬರೆದ. ‘ಸಂಬಂಧ’ ಎಂಬ ಕಾಲಮಿನ ಮುಂದೆ ಪೆನ್ನು ನಿಂತಿತು.

“ಇಲ್ಲೇನು ಬರೀಲಿ? ಬೇಗ ಹೇಳು.”

ಅವಳು ಅವನನ್ನು ನೋಡಿದಳು. ಕಿವಿ ಕೆಂಪಗಾಗಿದೆ, ಪೆನ್ನು ಹಿಡಿದ ಬೆರಳು ಮಾತ್ರ ಅಲುಗುತ್ತಿಲ್ಲ.

“ಬರೆದ ಮೇಲೆ ಹೊಡೆದುಹಾಕೋ ಹಾಗಿಲ್ಲ,” ಎಂದಳು.

“ಗೊತ್ತು. ಫಾರಂ ಮಾಡಿದ್ದೇ ನಾನು.”

“ಹಾಗಾದ್ರೆ ಹೆಂಡತಿ ಅಂತ ಬರೀರಿ. ಓದೋ ಹಾಗೆ ಬರೀರಿ, ಡಾಕ್ಟ್ರ ಕೈಬರಹ ಬೇಡ.”

ಗುಂಡಗೆ ಬರೆದ. ಸಹಿ ಹಾಕಿದ. ಸ್ಲೈಡುಗಳ ಟ್ರೇಯನ್ನು ಪಕ್ಕದ ಕೋಣೆಯ ಡಾಕ್ಟರಮ್ಮನ ಮೇಜಿನ ಮೇಲಿಟ್ಟು, ಬಿಳಿ ಕೋಟು ಕಳಚಿ, ಅಮ್ಮನಿಗೆ ಹೇಳಲು ಮನೆಗೆ ಹೊರಟ. ಆ ಎಣಿಕೆಯ ಕೋಣೆಗೆ ಅವನು ಮತ್ತೆ ಕಾಲಿಡಲಿಲ್ಲ.