ಬಣ್ಣ ತೆಗೆದ ದಾಸವಾಳ

“ನನ್ನ ಹೂವಿನ ಬಣ್ಣ ಎಲ್ಲಿ ಹೋಯ್ತ್ರಿ, ಸರ್?”

ಕಾಳಗಿಯ ಶಾಲೆಯ ಎಂಟನೇ ತರಗತಿಯ ಬಾಗಿಲಲ್ಲಿ ಡ್ರಾಯಿಂಗ್ ಟೀಚರ್ ಪ್ರಮಿತಾ ನಿಂತಿದ್ದಳು. ಪರದೆಯ ಮೇಲೆ ಅವಳೇ ಬರೆದ ದಾಸವಾಳ... ಬರೀ ಕಪ್ಪು-ಬಿಳುಪು! ದಳಕ್ಕೆ ಗೆರೆ, ಎಲೆಗೆ ಚುಕ್ಕಿ.

“ಪಾಠಕ್ಕ ಬಣ್ಣ ಯಾಕ್ರಿ, ಮೇಡಂ?” ವಿಜ್ಞಾನದ ಮೇಷ್ಟ್ರು ರಘುವೀರ ತಲೆ ಎತ್ತಲಿಲ್ಲ. “ಹಿಂಗೇ ಛಲೋ ಅದ.”

ಅವಳ ಮುಖ ಸಪ್ಪಗಾಯಿತು.

ವರ್ಷದಿಂದ ಅವನ ಪಾಠಗಳಿಗೆ ಟ್ಯಾಬ್‌ನಲ್ಲಿ ಚಿತ್ರ ಬರೆದುಕೊಡುತ್ತಿದ್ದವಳು ಅವಳೇ. ಡ್ರಾಯಿಂಗ್ ಆ್ಯಪ್‌ನಲ್ಲಿ ಆ ಒಂದು ಕೆಂಪಿಗಾಗಿ ಹನ್ನೊಂದು ಸಲ ಬಣ್ಣ ಬದಲಿಸಿದ್ದಳು. ಮಕ್ಕಳಿಗೋಸ್ಕರ ಅಂತ ತನಗೆ ತಾನೇ ಹೇಳಿಕೊಂಡಿದ್ದಳು, ಪಾಪ! ಅವನು ಒಮ್ಮೆ ‘ಭಾಳ ಛಂದ ಬಂದದ’ ಅನ್ನಲಿ ಅನ್ನುವುದೇ ಅವಳ ಆಸೆಯಾಗಿತ್ತು.

ಅಂದಿನಿಂದ ಮಾತು ಬಿಟ್ಟಳು. ಚಿತ್ರ ಕಳಿಸುತ್ತಿದ್ದಳು, ಎಲ್ಲವೂ ಬರೀ ಗೆರೆ. ಅವನು ಸ್ಟಾಫ್ ರೂಮಿಗೆ ಬಂದರೆ ಎದ್ದು ಹೋಗುತ್ತಿದ್ದಳು. ಬಾರದ ದಿನ ಬಾಗಿಲನ್ನೇ ನೋಡುತ್ತ ಕೂರುತ್ತಿದ್ದಳು.

‘ಒಂದೇ ಒಂದು ಸಲ ಕರೀಬಾರದಾ...’

ತಿಂಗಳು ಕಳೆಯಿತು. ಸೇಡಂನಿಂದ ವರನ ಕಡೆಯವರು ಅವಳನ್ನು ನೋಡಲು ಬರುವುದು ಗಟ್ಟಿಯಾಯಿತು. ಶುಕ್ರವಾರ ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನಲ್ಲಿ ಅವರಿಬ್ಬರೇ ಉಳಿದಾಗ ಪ್ರಮಿತಾಳಿಗೆ ತಡೆಯಲಾಗಲಿಲ್ಲ. ಎರಡು ಸೀರೆಗಳ ಫೋಟೊ ತೆರೆದು ಟ್ಯಾಬನ್ನು ಅವನ ಮುಂದೆ ತಳ್ಳಿದಳು.

“ಭಾನುವಾರ ನನ್ನ ನೋಡ್ಲಿಕ್ಕೆ ಬರ್ಲಿಕತ್ತಾರ. ಕೆಂಪು ಉಡ್ಲೋ, ಹಸರು ಉಡ್ಲೋ? ಹೇಳ್ರಿ!”

‘ಅವರು ಬರೋದೇ ಬ್ಯಾಡ ಅನ್ರಿ...’ ಮನಸ್ಸು ಬೇಡಿಕೊಂಡಿತು.

ರಘುವೀರ ಬಹಳ ಹೊತ್ತು ನೋಡಿದ. “ಎರಡೂ ಒಂದೇ ಅದಾವಲ್ರಿ.”

“ನನ್ನ ಲಗ್ನ ನಿಮಗ ಚಾಷ್ಟಿ ಆತೇನು?” ಅವಳ ಕಣ್ಣು ತುಂಬಿ ಬಂತು.

“ಚಾಷ್ಟಿ ಅಲ್ರಿ... ಖರೇನೇ ಒಂದೇ ಕಾಣ್ತಾವ. ಹುಟ್ಟಿದಾಗಿಂದ ನಂಗ ಕೆಂಪು-ಹಸರು ಗೊತ್ತಾಗಲ್ಲ.” ಅವನು ಟ್ಯಾಬನ್ನು ಪಕ್ಕಕ್ಕೆ ಸರಿಸಿದ. “ಹಿಂದ ಒಮ್ಮೆ ಹುಡುಗರ ಮುಂದ ತಪ್ಪು ತೋರಿಸಿದ್ದೆ, ಎಲ್ಲಾರೂ ನಕ್ಕಿದ್ರು. ನಿಮ್ಮ ಹೂವಿನಾಗೂ ದಳ-ಎಲಿ ಕಲಸಿ ಹೋದ್ವು. ಅದಕ್ಕ ಬಣ್ಣ ತೆಗೆದೆ.”

“ನಂಗ ಹೇಳಬಾರದಿತ್ತೇನ್ರಿ?”

“ಹೆಂಗ ಹೇಳ್ಲಿ? ಬಣ್ಣಾನೇ ನಿಮ್ಮ ಜೀವ. ಇಂಥವನ ಮ್ಯಾಲ ನಿಮ್ಮ ಮನಸ್ಸು ಹೆಂಗ ಬರ್ತದ ಅಂತ... ಸುಮ್ಮ ಕುಂತೆ.”

ಅಂದರೆ ಇವರಿಗೂ...! ಪ್ರಮಿತಾಳಿಗೆ ಸಿಟ್ಟು, ಅಳು, ನಗು ಒಟ್ಟಿಗೇ ನುಗ್ಗಿ ಬಂದವು.

“ಮನಸ್ಸು ಬಂದು ವರ್ಷ ಆತು, ಸರ್! ನಿಮಗ ಗೊತ್ತಾಗದೇ ಇರೋದು ಬಣ್ಣ ಒಂದೇ ಅಲ್ಲ.”

ಅವನು ದಿಗ್ಗನೆ ಎದ್ದು ನಿಂತ. “ಮತ್ತ... ಭಾನುವಾರ?”

“ಅವರು ಬರೋದು ಬ್ಯಾಡ ಅಂತ ಇವತ್ತೇ ಅಪ್ಪಗ ಹೇಳ್ತೀನಿ. ನಿಮ್ಮ ತಾಯಿಯವ್ರನ್ನ ಕರ್ಕೊಂಡು ನೀವು ಬರ್ರಿ.”

“ಯಾವ ಸೀರಿ ಉಡ್ತೀರಿ?”

“ಸೀರಿ ತಗೊಂಡು ನೀವೇನು ಮಾಡ್ತೀರಿ!” ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು.

“ಏನೂ ಇಲ್ರಿ... ಬಾಗಲಾ ತೆಗೆಯೋರು ನೀವಾದ್ರ ಸಾಕು.”