ದಳವಾಯಿಯ ಮೂರು ಎಡಸುತ್ತು

ಮರಗಳು ಮನುಷ್ಯರೊಡನೆ ಹರಟಿ ಬೇಸತ್ತು, ಇನ್ನು ಸಾಕೆಂದು ಬಾಯಿ ಮುಚ್ಚಿಕೊಂಡ ಕಾಲಕ್ಕಿಂತಲೂ ಹಿಂದಿನ ಮಾತು. ಬೆಳ್ಗೊಡೆ ಎಂಬ ರಾಜ್ಯದ ಕೋಟೆಯೊಳಗೆ ಹಾಲಪ್ಪನೆಂಬ ಕಂಬಳಿ ನೇಯುವ ಯುವಕನಿದ್ದನು. ಅವನಿಗೆ ಇದ್ದುದು ಒಂದು ಮಗ್ಗ, ಒಂದು ಒಲೆ, ದಳವಾಯಿ ಎಂಬ ಒಂದು ಮುದಿ ನಾಯಿ.

ಹೆಸರು ಸೇನಾಪತಿಯದಾದರೂ ದಳವಾಯಿಗೆ ಉಳಿದಿದ್ದ ಹಲ್ಲು ಮೂರೇ. ಕಿವಿ ಕೇಳಿಸುತ್ತಿರಲಿಲ್ಲ, ಆದರೆ ಮಜ್ಜಿಗೆಯ ಗಡಿಗೆಯ ಮುಚ್ಚಳ ಸರಿಸಿದರೆ ಮಾತ್ರ ಹೇಗೋ ಕೇಳಿಸುತ್ತಿತ್ತು. ಎಡಸೊಂಟ ನೋಯುತ್ತಿದ್ದುದರಿಂದ ಮಲಗುವ ಮುನ್ನ ಅದು ತನ್ನ ಹರಕು ಕಂಬಳಿಯ ಮೇಲೆ ಎಡಕ್ಕೆ ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ಸುತ್ತಿ, ನಿಟ್ಟುಸಿರಿಟ್ಟು, ಧೊಪ್ಪನೆ ಬೀಳುತ್ತಿತ್ತು.

ಆ ರಾಜ್ಯಕ್ಕೆ ಭಸ್ಮಕಂಠನೆಂಬ ಮಾಂತ್ರಿಕ ಬಂದನು. ರಾಜ ಶಾಂತಸೇನನನ್ನು ನವಿಲಾಗಿಸಿ, ಸಿಂಹಾಸನವನ್ನೇರಿ ಕುಳಿತನು. ಎಲ್ಲರಿಗೂ ಗೊತ್ತಿತ್ತು, ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕೋಟೆ ಬಿಟ್ಟು ಬೇರೆಡೆ ನೆಲೆಸುವ ನೇಕಾರರ ಕೈ ಕಲ್ಲಾಗಲೆಂದು ಅವನು ಮೊದಲೇ ಶಪಿಸಿದ್ದನು. ಈಗ ಮತ್ತೊಂದು ಡಂಗುರ ಹೊಡೆಸಿದನು:

"ಎಂಟನೆಯ ದಿನ ಸೂರ್ಯ ಮುಳುಗುವಾಗ ಕೋಟೆಯೊಳಗಿರುವ ಮುದಿ ನಾಯಿಗಳೆಲ್ಲ ಕಲ್ಲಾಗುವವು!"

ನಾಯಿಗಳು ಅವನಿಗೇನು ಮಾಡಿದ್ದವೋ ಯಾರಿಗೂ ತಿಳಿಯಲಿಲ್ಲ.

ಹಾಲಪ್ಪ ದಳವಾಯಿಯ ತಲೆ ನೇವರಿಸಿ, "ಕೋಟೆಯ ಹೊರಗೆ ನಾನು ನಿನ್ನೊಡನೆ ನೆಲೆಸಲಾಗದು ಕಣಪ್ಪಾ. ನಿನಗೊಂದು ಒಳ್ಳೆಯ ಮನೆ ಹುಡುಕುತ್ತೇನೆ. ಬಿಸಿಲು ಬೀಳುವ ಜಾಗವಿರಬೇಕು. ಮೆಟ್ಟಿಲಿರಬಾರದು. ಮಜ್ಜಿಗೆ ಹುಳಿಯಿರಬಾರದು," ಎಂದನು. ಮಜ್ಜಿಗೆಯೆಂಬ ಒಂದು ಮಾತು ಮಾತ್ರ ಹೇಗೋ ಕೇಳಿಸಿ ದಳವಾಯಿ ಬಾಲ ಅಲ್ಲಾಡಿಸಿತು. ಹರಕು ಕಂಬಳಿಯನ್ನು ಹೆಗಲಿಗೇರಿಸಿ ಹಾಲಪ್ಪ ಹೊರಟನು.

ಮೂರನೆಯ ದಿನ ಅವರು ಹೊಳೆಯಾಚೆಯ ಒನಕೆಯಜ್ಜಿಯ ಮನೆ ಸೇರಿದರು. ಅಲ್ಲಿ ಒನಕೆ ಯಾರ ಕೈಯೂ ಇಲ್ಲದೆ ತಾನಾಗಿಯೇ ಭತ್ತ ಕುಟ್ಟುತ್ತಿತ್ತು. ಅಜ್ಜಿ ಜಗಲಿಯಲ್ಲಿ ಕಾಲು ಚಾಚಿ ಎಲೆಯಡಿಕೆ ಮೆಲ್ಲುತ್ತಿದ್ದಳು.

"ಹಲ್ಲೆಷ್ಟು?"

"ಮೂರು, ಅಜ್ಜಿ."

"ನನಗಿಂತ ಒಂದು ಹೆಚ್ಚು. ನನ್ನ ಕೋಳಿಗಳಿಗೆ ಭಯವಿಲ್ಲ. ಬಿಟ್ಟು ಹೋಗು."

ಹಾಲಪ್ಪ ಕಣ್ಣೊರೆಸಿಕೊಂಡು ಒರಳಿನ ಪಕ್ಕದಲ್ಲಿ ಕಂಬಳಿ ಹಾಸಿದನು. ದಳವಾಯಿ ಎಡಕ್ಕೆ ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು ಸುತ್ತಿ ಧೊಪ್ಪನೆ ಬಿದ್ದಿತು. ಒನಕೆಯೂ ಧೊಪ್ಪನೆ ಬಿದ್ದಿತು. ಅಜ್ಜಿ ಬೈದಳು, ಮಂತ್ರ ಹಾಕಿದಳು, ಬೇಡಿಕೊಂಡಳು, ಒನಕೆ ಮಿಸುಕಲಿಲ್ಲ.

"ಅಯ್ಯೋ ಮಾರಾಯಾ! ನಲವತ್ತು ವರ್ಷದಿಂದ ನಾನು ಒನಕೆ ಮುಟ್ಟಿದವಳಲ್ಲ! ಇನ್ನು ಯಾರು ಕುಟ್ಟಬೇಕು? ನಿನ್ನಪ್ಪ ಬಂದು ಕುಟ್ಟುತ್ತಾನೆಯೆ?"

"ಅಪ್ಪ ತೀರಿಕೊಂಡು ಆರು ವರ್ಷವಾಯಿತು, ಅಜ್ಜಿ."

"ಬದುಕಿದನು! ನಡೆ, ನಡೆ!"

ಆರನೆಯ ದಿನ ಅವರು ಕಾಡಿನ ಗುಹೆಯೊಂದನ್ನು ಮುಟ್ಟಿದರು. ಅಲ್ಲಿ ಮಾತಾಡುವ ಕರಡಿಯೊಂದಿತ್ತು. ಅದು ಎಷ್ಟು ಮಾತಾಡುತ್ತಿತ್ತೆಂದರೆ, ಹಕ್ಕಿಗಳೂ ಆ ಕಾಡನ್ನು ಬಿಟ್ಟುಹೋಗಿದ್ದವು.

"ಬಾರಯ್ಯಾ, ಕೂತುಕೋ! ನನ್ನ ಸೋದರಮಾವ ಜೇನು ಕೀಳಲು ಹೋದ ಕತೆ ಹೇಳಲೆ? ಚಿಕ್ಕದು, ಎರಡು ದಿನದ್ದು."

"ಕರಡಿಯಣ್ಣಾ, ಈ ನಾಯಿಗೆ ಹೇಳು. ಇದು ಎಂದೂ ನಡುವೆ ಬಾಯಿ ಹಾಕುವುದಿಲ್ಲ."

"ಪೂರ್ತಿ ಕೇಳುವುದೆ?"

"ಇಲ್ಲಿಂದ ಏಳುವುದೇ ಇಲ್ಲ," ಎಂದನು ಹಾಲಪ್ಪ. ಕಿವಿಯ ವಿಷಯ ಹೇಳಲು ಮನಸ್ಸು ಬರಲಿಲ್ಲ.

ಸಂತೋಷದಿಂದ ಕರಡಿ ಕತೆ ಆರಂಭಿಸಿತು. ಹಾಲಪ್ಪ ಕಂಬಳಿ ಹಾಸಿದನು. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು, ಧೊಪ್!

"ಆಗ ನಮ್ಮ ಮಾವ ಮರದ ಮೇಲೆ ಗುರ್ರ್," ಎಂದಿತು ಕರಡಿ. ಬೆಚ್ಚಿ, ಬಾಯಿ ಮುಟ್ಟಿ ನೋಡಿಕೊಂಡು ಮತ್ತೆ "ಗುರ್ರ್!" ಎಂದಿತು. ಕತೆ ನಿಂತ ಕೋಪಕ್ಕೆ ಅದು ಇಬ್ಬರನ್ನೂ ಹೊಳೆಯ ದಂಡೆಯವರೆಗೆ ಅಟ್ಟಿಸಿಕೊಂಡು ಬಂದಿತು. ಮನೆಯ ಹೊಸ್ತಿಲು ದಾಟಲೂ ನರಳುತ್ತಿದ್ದ ದಳವಾಯಿ ಆ ದಿನ ಹಾಲಪ್ಪನಿಗಿಂತ ಮುಂದೆ ಓಡುತ್ತಿತ್ತು.

ದಂಡೆಯಲ್ಲಿ ಕುಳಿತು ಏದುಸಿರು ಬಿಡುವಾಗ ಹಾಲಪ್ಪನಿಗೆ ವಿಷಯ ಹೊಳೆಯಿತು. ಮಂತ್ರಗಳನ್ನೆಲ್ಲ ಬಲಕ್ಕೆ ಸುತ್ತಿ ಕಟ್ಟುತ್ತಾರೆ. ಎಳೆಯ ನಾಯಿಗಳು ಮನಸ್ಸು ಬಂದತ್ತ ಸುತ್ತುತ್ತವೆ. ನೋಯುವ ಎಡಸೊಂಟದ ಮುದಿ ನಾಯಿಯೊಂದೇ ತಪ್ಪದೆ ಎಡಕ್ಕೆ ಮೂರು ಸುತ್ತು ಸುತ್ತುತ್ತದೆ, ಕಟ್ಟಿದ್ದೆಲ್ಲ ಬಿಚ್ಚಿಹೋಗುತ್ತದೆ!

"ಅದಕ್ಕೇ ಆ ಭಸ್ಮಕಂಠನಿಗೆ ನಿನ್ನ ಭಯ," ಎಂದನು. ಅವನ ಮುಂದೆ ಮಲಗಿಸಿದರೆ ಅವನ ಮಂತ್ರವೂ ಬಿಚ್ಚೀತು. ಆದರೆ ಅರಮನೆಯಲ್ಲಿ ಅದು ಮಲಗದೆಹೋದರೆ? ಯಾವ ಮನೆಯಲ್ಲೂ ಜಾಗವಿಲ್ಲದ ನಾಯಿಯ ಮುಖ ನೋಡಿ, ಕೋಟೆಗೆ ಬೇಗ ಮುಟ್ಟಿಸುವ ಒಳದಾರಿ ಹಿಡಿದನು.

ಎಂಟನೆಯ ದಿನ ಸಂಜೆ ಕಾವಲುಗಾರ ಕೇಳಿದನು: "ಊರವರೆಲ್ಲ ನಾಯಿಯನ್ನು ಹೊರಗೆ ಸಾಗಿಸಿದರು. ನೀನೊಬ್ಬ ಒಳಗೆ ತರುತ್ತೀಯಲ್ಲಯ್ಯಾ?"

"ಒಡೆಯರಿಗೆ ಕಾಣಿಕೆ."

"ಕಾಣಿಕೆ ಹೋಗಲಿ. ಕಂಬಳಿ ಬಾಗಿಲಲ್ಲಿರಲಿ. ಸಭೆಯಲ್ಲಿ ಕೂದಲು ಉದುರಿಸುವಂತಿಲ್ಲ."

ನಾಯಿಯನ್ನು ಕಂಡೊಡನೆ ಭಸ್ಮಕಂಠ ಕಾಲುಗಳೆರಡನ್ನೂ ಸಿಂಹಾಸನದ ಮೇಲೆಳೆದುಕೊಂಡನು. ದಳವಾಯಿ ಸಭೆಯ ನಡುವೆ ಬಂದು ಎಡಕ್ಕೆ ಒಂದು ಸುತ್ತು ಸುತ್ತಿತು. ಎರಡು ಸುತ್ತು ಸುತ್ತಿತು. ಹಾಸುಗಲ್ಲು ತಣ್ಣಗಿತ್ತು. ನಿಂತು ಕಿವಿ ಕೆರೆದುಕೊಂಡಿತು.

"ಮಲಗಪ್ಪಾ, ನನ್ನ ಬಂಗಾರವೆ!" ಎಂದು ಹಾಲಪ್ಪ ಬೇಡಿದನು. ಕೇಳಿಸಿದರಲ್ಲವೆ!

ಸೂರ್ಯ ಅರ್ಧ ಮುಳುಗಿದನು. ಬಾಲದ ತುದಿ ಕಲ್ಲಾಯಿತು. ಹಾಲಪ್ಪನನ್ನು ನೋಡಿ ದಳವಾಯಿ ಬಾಲ ಅಲ್ಲಾಡಿಸಿದರೆ ನೆಲದ ಮೇಲೆ ಟಕ್ ಟಕ್ ಎಂದಿತು. ಭಸ್ಮಕಂಠ ಗಹಗಹಿಸಿ ನಕ್ಕನು. ಕಂಬಳಿ ತರಲು ಹಾಲಪ್ಪ ಬಾಗಿಲಿಗೆ ಧಾವಿಸಿದರೆ ಭಟರು ಹಿಡಿದುಕೊಂಡರು.

ಆಗ ಸಿಂಹಾಸನದ ಪಕ್ಕದಲ್ಲಿದ್ದ ನವಿಲು ತುರುತುರು ಓಡಿತು. ಕಂಬಳಿಯನ್ನು ಕೊಕ್ಕಿನಿಂದ ಕಚ್ಚಿ, ಎಡವುತ್ತ, ತನ್ನ ಗರಿಯನ್ನು ತಾನೇ ತುಳಿಯುತ್ತ ಎಳೆದು ತಂದು ನಾಯಿಯ ಮುಂದೆ ಹಾಕಿತು.

ದಳವಾಯಿ ಮೂಸಿತು. ಒಂದೇ ಸುತ್ತು ಬಾಕಿಯಿತ್ತು. ಆದರೆ ಅರ್ಧಕ್ಕೆ ಬಿಟ್ಟುದನ್ನು ಮುಂದುವರಿಸುವ ಅಭ್ಯಾಸ ಅದಕ್ಕಿರಲಿಲ್ಲ. ಮತ್ತೆ ಮೊದಲಿನಿಂದ ಆರಂಭಿಸಿತು. ಒಂದು ಸುತ್ತು; ಸೊಂಟ ಕಲ್ಲಾಗತೊಡಗಿತು. ಎರಡು ಸುತ್ತು; ಸಭೆಯೆಲ್ಲ ಉಸಿರು ಬಿಗಿಹಿಡಿಯಿತು. ಮೂರು ಸುತ್ತು. ನಿಟ್ಟುಸಿರು. ಧೊಪ್!

ಬಾಲ ಮೆತ್ತಗಾಯಿತು. ನವಿಲು ರಾಜನಾಯಿತು. ಭಸ್ಮಕಂಠನ ಮೊಳದುದ್ದದ ಗಡ್ಡ ಕಳಚಿ ಬಿದ್ದು, ಬೆವರುವ ಒಬ್ಬ ಕುಳ್ಳ ಮನುಷ್ಯ ಉಳಿದನು. ರಾಜನು ಅವನನ್ನು ಒನಕೆಯಜ್ಜಿಯಲ್ಲಿಗೆ ಭತ್ತ ಕುಟ್ಟಲು ಕಳುಹಿಸಿದನು. ಮೊದಲ ದಿನವೇ ಅಜ್ಜಿ, "ಮೆಲ್ಲಗಾದರೂ ಪರವಾಗಿಲ್ಲ, ಬೈದರೆ ಕುಟ್ಟುತ್ತಾನೆ," ಎಂದಳಂತೆ.

ಮರುದಿನ ಬೆಳಗ್ಗೆ ಹಾಲಪ್ಪ, "ಏಳಪ್ಪಾ, ನಮ್ಮ ಮನೆಗೆ ಹೋಗೋಣ," ಎಂದು ದಳವಾಯಿಯ ಬೆನ್ನು ತಟ್ಟಿದನು. ದಳವಾಯಿ ಒಂದು ಕಣ್ಣು ತೆರೆದು, ಬಾಲ ಒಮ್ಮೆ ಅಲ್ಲಾಡಿಸಿ, ಮತ್ತೆ ತಲೆ ಇಟ್ಟಿತು. ಪೂರ್ವದ ಕಿಟಕಿಯಿಂದ ಕಂಬಳಿಯ ಮೇಲೆ ಎಳೆಬಿಸಿಲು ಬಿದ್ದಿತ್ತು. ಅಲ್ಲಿ ಒಂದೂ ಮೆಟ್ಟಿಲಿರಲಿಲ್ಲ. ರಾಜನು ತಾನೇ ಬೆಳ್ಳಿಯ ಬಟ್ಟಲಲ್ಲಿ ಮಜ್ಜಿಗೆ ತಂದನು. ಹಾಲಪ್ಪ ಬೆರಳದ್ದಿ ನೆಕ್ಕಿ ನೋಡಿದನು. ಹುಳಿಯಿರಲಿಲ್ಲ.

"ಹುಡುಕುತ್ತಿದ್ದ ಮನೆ ಸಿಕ್ಕಿತು, ಮಹಾಪ್ರಭು," ಎಂದು ಅವನು ಕಣ್ಣೊರೆಸಿಕೊಂಡನು.

"ಅಳಬೇಡವಯ್ಯಾ," ಎಂದನು ರಾಜ. "ಆ ಕಂಬಳಿ ಹರಿದಿದೆ, ಇನ್ನೊಂದು ಬೇಕು. ಮಗ್ಗವನ್ನು ಇಲ್ಲಿಗೇ ತಾ."

ಹಾಲಪ್ಪ ಆ ಕಿಟಕಿಯ ಬಳಿ ಮಗ್ಗ ಹೂಡಿ ಬಹುಕಾಲ ನೇಯ್ದನು. ಮೋಡ ಕವಿದಾಗಲೆಲ್ಲ ರಾಜ ಹೆಗಲು ಕುಣಿಸುತ್ತಿದ್ದನು, ಯಾರೂ ನಗುತ್ತಿರಲಿಲ್ಲ. ಅಂದಿನಿಂದ ಬೆಳ್ಗೊಡೆಯ ಸಭೆಗೆ ಮಂತ್ರಿಯೇ ಬರಲಿ, ಪರದೇಶದ ರಾಯಭಾರಿಯೇ ಬರಲಿ, ಮೊದಲು ಮಲಗಿದ ನಾಯಿಯನ್ನು ಸದ್ದಿಲ್ಲದೆ ಎಡಕ್ಕೆ ಸುತ್ತಿಕೊಂಡು ಬಂದು, ಆಮೇಲೆ ರಾಜನಿಗೆ ಕೈಮುಗಿಯುತ್ತಿದ್ದರು. ಹಾಲಪ್ಪನೂ ದಳವಾಯಿಯೂ ಅಲ್ಲಿ ಸುಖವಾಗಿದ್ದರು. ಕೇಳಿದ ನೀವೂ ನಿಮ್ಮ ಮನೆಗಳಲ್ಲಿ ಬೆಚ್ಚಗೆ ಮಲಗಿರಿ.