ಮುದ್ದಮ್ಮನ ಬಿಳಿಮಣ್ಣು

"ನಿಮ್ಮೂರಿನ ವಿಷಕ್ಕೆ ತಲೆ ಸರಿ ಇಲ್ಲ, ಚಿಕ್ಕಣ್ಣ," ಎಂದಳು ಕನಕಲಕ್ಷ್ಮಿ.

ಕಬ್ಬಿನ ಗದ್ದೆಯ ಬದುವಿನ ಮೇಲೆ ನಕ್ಷೆ ಹರಡಿಕೊಂಡು ಕೂತಿದ್ದಳು. ಗಾಳಿಗೆ ಹಾರದ ಹಾಗೆ ಒಂದು ಮೂಲೆಗೆ ಅವಳ ಚಪ್ಪಲಿ, ಇನ್ನೊಂದಕ್ಕೆ ಅವನ ಕುಡುಗೋಲು. ಚಿಕ್ಕಣ್ಣ ನೋಡುತ್ತಿದ್ದದ್ದು ಅವಳ ಮೂಗಿನ ತುದಿಗೆ ಅಂಟಿದ ಕೆಂಪು ಶಾಯಿಯನ್ನು.

"ಇಲ್ಲಿ ನೋಡಿ ಅಂದೆ."

"ನೋಡ್ತಾವ್ನಿ."

"ನಕ್ಷೇನ!"

ಮಳವಳ್ಳಿ ರಸ್ತೆಯ ಆ ಹಳ್ಳಿಯಲ್ಲಿ ಗುತ್ತಿಗೆದಾರನೊಬ್ಬ ಬೆಟ್ಟ ಅಗೆಸಿ, ಕಲ್ಲು ಅರೆಸಿ, ಬಂಗಾರವನ್ನು ತಾನು ಒಯ್ದು ಪುಡಿಯನ್ನು ಊರಿಗೆ ಬಿಟ್ಟಿದ್ದ. ಮನೆಗಳ ಬೆನ್ನಿಗೇ ಬಿಳಿಗುಡ್ಡೆ. ಅದರಲ್ಲಿ ಪಾಷಾಣ. ಕರುಗಳು ಸತ್ತವು, ಮಕ್ಕಳ ಅಂಗೈ ಬಿರಿದವು. ಉಳುವವರ ಹಿತ್ತಲೆಂದರೆ ಉಳ್ಳವರಿಗೆ ತಿಪ್ಪೆ ತಾನೆ! ಎಮರ್ಜೆನ್ಸಿ ಮುಗಿದ ಮೇಲೆ ಊರವರು ಅರ್ಜಿಯ ಮೇಲೆ ಅರ್ಜಿ ಗುಜರಾಯಿಸಿದರು. ಮನೆಮನೆಯ ಅಂಗಳದ, ಒಲೆಯ ಮಣ್ಣು ಪರೀಕ್ಷಿಸಿ ನಕ್ಷೆ ಬರೆಯಲು ಸರ್ಕಾರ ಮಂಡ್ಯದಿಂದ ಈ ಹುಡುಗಿಯನ್ನು ಕಳಿಸಿತು. ಅವಳಿಗೆ ದಾರಿ ತೋರಿಸಲು ಪಂಚಾಯ್ತಿ ಚಿಕ್ಕಣ್ಣನನ್ನು ಕಳಿಸಿತು. ದಾರಿ ತಪ್ಪಿದವನು ಅವನೇ.

"ಗುಡ್ಡೆ ಪಕ್ಕದ ಚಿಕ್ಕಬೋರಮ್ಮನ ಒಲೇಲಿ ವಿಷ ಕಮ್ಮಿ. ಅರ್ಧ ಮೈಲಿ ಆಚೆ ಲಿಂಗಯ್ಯನ ಒಲೇಲಿ ಕೆಂಪೋ ಕೆಂಪು," ಎಂದಳು. "ಪುಡಿ ಗಾಳಿಗೆ ಹಾರಿದ್ರೆ ಹತ್ತಿರದ ಮನೇಲೇ ಜಾಸ್ತಿ ಇರಬೇಕಲ್ವಾ? ನಾಳೆ ತಹಸೀಲ್ದಾರರ ಮುಂದೆ ಗಣಿ ಮ್ಯಾನೇಜರ್ ನಗ್ತಾನೆ. ನಕ್ಷೆ ಬಿದ್ದುಹೋದ್ರೆ ಗುಡ್ಡೆ ಇಲ್ಲೇ ಉಳಿಯುತ್ತೆ."

ಚಿಕ್ಕಣ್ಣ ಈ ಸಲ ನಿಜವಾಗಿ ನಕ್ಷೆ ನೋಡಿದ. ಲಿಂಗಯ್ಯ ಸೋದರಮಾವ. ಇನ್ನೊಂದು ಕೆಂಪು ಚುಕ್ಕೆ ಚಿಕ್ಕಮ್ಮನ ಮನೆ. ಮತ್ತೊಂದು, ಅವ್ವನ ಜೊತೆ ಎಲೆಅಡಿಕೆ ಹಾಕುವ ಗೆಳತಿಯದು. ಇದು ಗಾಳಿ ಬರೆದ ನಕ್ಷೆಯಲ್ಲ, ಅವನವ್ವ ಮುದ್ದಮ್ಮ ಬರೆದದ್ದು! ಹಿಟ್ಟಿನಂಥ ಬಿಳಿಮಣ್ಣು ಒಲೆ ಸಾರಿಸಲು ಚೆಂದವೆಂದು ಕಂಡುಹಿಡಿದವಳೇ ಅವಳು. ಬೇಕಾದವರಿಗೆಲ್ಲ ಮಂಕರಿಗಟ್ಟಲೆ ಹೊತ್ತು ಕೊಟ್ಟಿದ್ದಳು. ಚಿಕ್ಕಬೋರಮ್ಮನಿಗೂ ಅವಳಿಗೂ ಕೋಳಿ ಜಗಳ, ಮಾತಿಲ್ಲ. 'ಅವಳು ಮುಟ್ಟಿದ ಮಣ್ಣು ನನ್ನ ಒಲೆಗೆ ಬ್ಯಾಡ' ಎಂದು ಚಿಕ್ಕಬೋರಮ್ಮ ಹಟಕ್ಕೆ ಸಗಣಿಯಲ್ಲೇ ಸಾರಿಸುತ್ತಿದ್ದಳು.

ಹೇಳಿದರೆ ಊರು ಅವ್ವನ ಮೇಲೆ ಬೀಳುತ್ತದೆ. ಹೇಳದಿದ್ದರೆ ಈ ಹುಡುಗಿ ಸೋಲುತ್ತಾಳೆ.

"ಯಾಕೆ ಬೆವರ್ತಿದ್ದೀರಿ?"

"ಬಿಸಿಲು ಕಣ್ರೀ."

"ಮೋಡ ಕವಿದಿದೆ!"

ಹೇಳಿಬಿಟ್ಟ. ಅವಳು ನಗುತ್ತಾಳೆಂದುಕೊಂಡಿದ್ದ. ನಗಲಿಲ್ಲ. ನಕ್ಷೆ ಸುತ್ತಿದಳು. "ನಿಮ್ಮವ್ವನ ಹೆಸರು ನನ್ನ ಬಾಯಲ್ಲಿ ಬರಲ್ಲ. ನಗೋರು ನಗಲಿ."

ಅಲ್ಲಿಯವರೆಗೆ ಅರ್ಧ ಮುಳುಗಿದ್ದ ಚಿಕ್ಕಣ್ಣ ಆ ಮಾತಿಗೆ ಪೂರ್ತಿ ಮುಳುಗಿದ.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದ. ಮುದ್ದಮ್ಮ ಒಲೆಯ ಮುಂದಿಂದ ಏಳಲಿಲ್ಲ. ಬಿಳಿ ಬಳಿದ ಅದರ ಅಂಚನ್ನು ಉಗುರಿನಿಂದ ಕೆರೆಯುತ್ತ ಕೂತಳು.

ಮರುದಿನ ಪಂಚಾಯ್ತಿ ಕಟ್ಟೆಯಲ್ಲಿ ಮ್ಯಾನೇಜರ್ ನಕ್ಷೆಗೆ ಬೆರಳಿಟ್ಟು ನಕ್ಕ. "ಗಾಳಿ ಏನಮ್ಮಾ, ಮನೆ ವಿಳಾಸ ಕೇಳ್ಕೊಂಡು ಹೋಗುತ್ತಾ?"

ಕನಕಲಕ್ಷ್ಮಿ ಕೊಟ್ಟ ಮಾತಿನಂತೆ ಯಾರ ಹೆಸರನ್ನೂ ಎತ್ತದೆ ನಕ್ಷೆ ಸುತ್ತತೊಡಗಿದಳು. ಹೆಂಗಸರ ಗುಂಪು ಸೀಳಿಕೊಂಡು ಮುದ್ದಮ್ಮ ಬಂದಳು.

"ಗಾಳಿ ಅಲ್ಲ ಕಣಪ್ಪ, ನಾನು. ಈ ತಲೆ ಮ್ಯಾಲೆ ಒತ್ಕೊಂಡೋಗಿ ಕೊಟ್ಟೆ. ಇಸ ಅಂತ ನಂಗ್ಯಾರು ಏಳುದ್ರು?"

"ಹಾಗಾದ್ರೆ ತಪ್ಪು ನಿಂದೇ ಆಯ್ತು."

"ಗೊತ್ತಿದ್ದೂ ಮನೆ ಇಂದೆ ಸುರುದೋನು ನೀನು. ಗೊತ್ತಿಲ್ದೆ ಅಂಚುದೋಳು ನಾನು. ತಪ್ಪು ನಂದಾ? ಬಾ ನಮ್ಮನೇಗೆ. ಅದೇ ಮಣ್ಣಲ್ಲಿ ತಟ್ಟೆ ಉಜ್ಜಿ ಮುದ್ದೆ ಇಕ್ತೀನಿ. ಉಂಡು ಆಮ್ಯಾಕೆ ಮಾತಾಡು!"

ತನಗೆ ಹಸಿವಿಲ್ಲವೆಂದ ಮ್ಯಾನೇಜರ್.

"ಸರಿಯಾಗ್ ಅಂದೆ ಕಣಮ್ಮಿ!" ಎಂದು ಗುಂಪಿನಿಂದ ಕೂಗಿದವಳು ಚಿಕ್ಕಬೋರಮ್ಮ. ಕೂಗಿದ ಮೇಲೆ ತನಗೇ ನಾಚಿಕೆಯಾಗಿ ಸೆರಗು ಬಾಯಿಗಿಟ್ಟುಕೊಂಡಳು. ತಹಸೀಲ್ದಾರರು ನಕ್ಷೆಗೆ ಸಹಿ ಹಾಕಿದರು: ಗುಡ್ಡೆಯನ್ನು ಗುತ್ತಿಗೆದಾರನೇ ತೆಗೆಸಬೇಕು.

ಸಂಜೆ ಕನಕಲಕ್ಷ್ಮಿ ಮಂಡ್ಯದ ಬಸ್ಸಿಗೆ ಕಾಯುತ್ತಿದ್ದಳು. ಚಿಕ್ಕಣ್ಣ ಗದ್ದೆಯಿಂದ ಓಡಿಬಂದ, ಮೊಣಕಾಲವರೆಗೆ ಕೆಸರು.

"ನಕ್ಷೆ ಮುಗೀತು. ಇನ್ನು ಬರೋಕೆ ನೆಪ ಇಲ್ಲ," ಎಂದಳು.

"ನೆಪ ಬೇಕಾ?"

"ನಿಮಗೆ ಬೇಡ್ವಾ?"

ಬಸ್ಸು ಬಂತು. ಅವಳು ಹತ್ತಿ ಕಿಟಕಿ ಪಕ್ಕ ಕೂತಳು. ಇವನು ಕೆಳಗೆ ಕಲ್ಲಿನಂತೆ ನಿಂತ.

"ಹತ್ತೋದಾದ್ರೆ ಹತ್ತಪ್ಪ, ಬಸ್ಸನ್ನ ಕಣ್ಣಲ್ಲೇ ನುಂಗಬ್ಯಾಡ," ಎಂದ ಕಂಡಕ್ಟರ್.

ಹತ್ತಿಬಿಟ್ಟ.

"ನೀವೆಲ್ಲಿಗೆ?" ಎಂದಳು ಕನಕಲಕ್ಷ್ಮಿ.

"ನಿಮ್ಮಪ್ಪಾರ ತಾವ. ನಿಮ್ಮನ್ನ ಕೇಳಾಕೆ. ನೀವು ಒಪ್ಪುದ್ರೆ."

"ಒಪ್ಪಿ ಎಷ್ಟೋ ದಿನ ಆಯ್ತು, ಮಹರಾಯರೇ," ಎಂದಳು ಕಿಟಕಿಯ ಕಡೆ ತಿರುಗಿ. ಕಿವಿಯ ಅಂಚು ಮಾತ್ರ ಅವನಿಗೆ ಕಂಡಿತು, ಕೆಂಪಗಿತ್ತು.

"ನಾವು ಗೌಡ್ರು, ನೀವು ಬ್ರಾಂಬ್ರು. ಅಪ್ಪಾರು ಏನಂತಾರೆ?"

ಅವಳು ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ಮೊದಲು ಕಾಲು ತೊಳ್ಕೊಂಡು ಬಾ ಅಂತಾರೆ."

"ಆಮ್ಯಾಕೆ?"

"ಕೂಗಾಡ್ತಾರೆ. ಕೂಗಾಡಲಿ, ಅವರಿಗಿಂತ ಜೋರಾಗಿ ಕೂಗೋಕೆ ನಂಗೂ ಬರುತ್ತೆ." ಸರಿದು ಪಕ್ಕದಲ್ಲಿ ಜಾಗ ಮಾಡಿದಳು. "ಕಂಡಕ್ಟರೇ, ಮಂಡ್ಯಕ್ಕೆ ಎರಡು."